ಸೋದರಮಾವನ ಮಾಂಸಖಂಡ

ಗಂಡಿನ ಅಜ್ಜಿ ಪಟ್ಟಲಮ್ಮನಿಗೆ ಬಾಯಲ್ಲಿ ಹಲ್ಲಿಗೆ ಬರವೇ ಹೊರತು ಮಾತಿಗಲ್ಲ. ಮಳವಳ್ಳಿಯಲ್ಲಿ ನಿಶ್ಚಿತಾರ್ಥದ ಊಟಕ್ಕೆ ಎರಡೂ ಕಡೆಯವರು ಎಲೆ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿದ್ದಾಗ ಆಕೆ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಲ್ಲೇ ಅಳೆದು, ಹೆಣ್ಣಿನ ಸೋದರಮಾವ ಯಾರು ಎಂದು ವಿಚಾರಿಸಿದರು. ಜಯಪ್ರಕಾಶ ಕೈ ಎತ್ತಿದ. ಎತ್ತಿದ ಕೈಗಿಂತ ಅಂಗಿಯ ತೋಳೇ ಹೆಚ್ಚು ಕಂಡಿತು.

"ಇವ್ನಾ? ಇವ ನಮ್ಮೆಣ್ಣ ಎತ್ಕಂಡ್ ಬತ್ತಾನೋ, ಎಣ್ಣೇ ಇವ್ನ ಎತ್ಕಂಡ್ ಬತ್ತದೋ?" ಅಂದರು ಪಟ್ಟಲಮ್ಮ.

ನಮ್ಮ ಸೀಮೆಯ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಮದುವೆಯಲ್ಲಿ ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಬರುವ ಹಕ್ಕು ಸೋದರಮಾವನದು. ಹಿಂದೆ ಹೆಣ್ಣುಗಳು ಚಿಕ್ಕವರಿರುತ್ತಿದ್ದರು, ಮಾವಂದಿರು ಎತ್ತಿ ತರುತ್ತಿದ್ದರು. ಈಗಿನ ಕಾಲದಲ್ಲಿ ಬಹಳಷ್ಟು ಮಾವಂದಿರು ಕೈ ಹಿಡಿದು ನಡೆಸಿಕೊಂಡು ಬಂದು ಶಾಲು ಹೊದಿಸಿಕೊಂಡು ಊಟಕ್ಕೆ ಹೋಗುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಜಯಪ್ರಕಾಶನೂ ಹಾಗೇ ಅಂದು ನಕ್ಕು ಸುಮ್ಮನಾಗಬಹುದಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನ ಮಗ ರಾಜೇಂದ್ರ, ಮಂಡ್ಯದಲ್ಲಿ ಜಿಮ್ ಇಟ್ಟುಕೊಂಡಿರುವವನು, ಬಹಳ ಅನುಕಂಪದಿಂದ, "ಬುಡಣ್ಣ, ನಾನ್ ಎತ್ತೀನಿ, ನಾನೂ ಸ್ವಾದರಮಾವನೇ ಅಲ್ವಾ" ಅಂದುಬಿಟ್ಟ. ಅಜ್ಜಿಯ ಮಾತು ಚುಚ್ಚಿತ್ತು ಅಷ್ಟೇ, ಈ ಅನುಕಂಪ ಸುಟ್ಟುಹಾಕಿತು.

"ನಾನೇ ಎತ್ತೋದು. ರೂಮಿಂದ ಎತ್ತುದ್ರೆ ಹಸೆಮಣೆ ಮೇಲೇ ಇಳ್ಸೋದು. ಮಧ್ಯದಲ್ಲಿ ಉಸ್ರೂ ಬುಡಲ್ಲ" ಎಂದು ಜಯಪ್ರಕಾಶ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ. ಮಾತು ಬಾಯಿಂದ ಹೊರಬಿದ್ದ ಮೇಲೆ ಅವನು ಹೆಣ್ಣಿನ ಕಡೆ ತಿರುಗಿ ನೋಡಿದ. ಹೆಣ್ಣು ಅಮೃತ, ಯೂನಿವರ್ಸಿಟಿ ಕಬಡ್ಡಿ ತಂಡಕ್ಕೆ ಆಡಿದವಳು. ಅವಳು ಒಮ್ಮೆ ಹಿಡಿದ ಕಾಲನ್ನು ಎದುರಾಳಿ ಬಿಡಿಸಿಕೊಂಡದ್ದನ್ನು ಕಂಡವರು ಯಾರೂ ಇಲ್ಲ. ಎತ್ತರದಲ್ಲಿ ಮಾವನಿಗೆ ಸಮ, ಅಗಲದಲ್ಲಿ ಮಾವನನ್ನು ಒಳಗಿಟ್ಟುಕೊಂಡು ಮಿಗುತ್ತಾಳೆ.

ಆದರೂ ಇದು ಬರೀ ಜಂಭದ ವಿಷಯ ಎಂದು ತಿಳಿಯಬೇಡಿ. ಜಯಪ್ರಕಾಶ ಮತ್ತು ಅವನ ಹೆಂಡತಿ ಅರುಂಧತಿಗೆ ಮಕ್ಕಳಿಲ್ಲ. ಅಮೃತ ಹೈಸ್ಕೂಲಿಂದ ಡಿಗ್ರಿಯವರೆಗೆ ಓದಿದ್ದು ಭಾರತೀನಗರದ ಅವರ ಮನೆಯಲ್ಲೇ. ಧಾರೆ ಎರೆಯುವುದು ಹೆತ್ತವರ ಪಾಲು, ಅದಕ್ಕೆ ಅವನದೇನೂ ತಕರಾರಿಲ್ಲ. ಅವನ ಪಾಲಿಗೆ ಇದ್ದದ್ದು ರೂಮಿನಿಂದ ಹಸೆಮಣೆಯವರೆಗಿನ ದಾರಿ ಒಂದೇ. ಅದನ್ನೂ ರಾಜೇಂದ್ರನಿಗೆ ಬಿಟ್ಟುಕೊಟ್ಟರೆ ತಾನು ಆ ಮದುವೆಯಲ್ಲಿ ಯಾರು ಎಂಬುದು ಅವನ ಸಂಕಟವಾಗಿತ್ತು.

ಅಮೃತ ಈಗ ಮಂಡ್ಯದ ಕಾಲೇಜೊಂದರಲ್ಲಿ ಶರೀರಶಾಸ್ತ್ರ ಹೇಳಿಕೊಡುತ್ತಾಳೆ. ಮುಂದಿನ ಭಾನುವಾರ ಅವಳು ಅತ್ತೆ ಕೈಯ ಮುದ್ದೆ ಉಣ್ಣಲು ಬಂದಾಗ, ಸಹಕಾರ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಜಯಪ್ರಕಾಶ ಬಹಳ ಉದಾಸೀನದ ಮುಖ ಮಾಡಿಕೊಂಡು, ನಮ್ಮ ಸೊಸೈಟಿಯ ಸೆಕ್ರೆಟರಿ ಕೇಳ್ತಿದ್ರು, ಈ ಮಾಂಸಖಂಡ ಅನ್ನೋದು ಹೆಂಗೆ ಬೆಳೀತದೆ ಎಂದು ಕೇಳಿದ. ಪಾಠ ಮಾಡುವವರನ್ನು ಅವರ ವಿಷಯದಲ್ಲೇ ಪ್ರಶ್ನೆ ಕೇಳಿದರೆ ಕೇಳಿದವನು ಅಂದು ಬೇರೆ ಕೆಲಸ ಇಟ್ಟುಕೊಳ್ಳಬಾರದು. ಮುದ್ದೆ ಆರಿತು, ಸಾರು ಕೆನೆಗಟ್ಟಿತು, ಅಮೃತ ನಿಲ್ಲಿಸಲಿಲ್ಲ.

ಅವಳು ಹೇಳಿದ್ದು ಇಷ್ಟು. ಭಾರ ಎತ್ತಿದಾಗ ಮಾಂಸದ ಎಳೆಗಳ ಮೇಲೆ ಎಳೆತ ಬೀಳುತ್ತದೆ. ಆ ಎಳೆತವೇ ಜೀವಕೋಶದ ಒಳಗೆ ಒಂದು ಸುದ್ದಿಯಾಗಿ ಹೋಗುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಎಂ-ಟಾರ್ ಎಂಬ ಒಂದು ಪ್ರೋಟೀನು ಎಚ್ಚೆತ್ತು, ಹೊಸ ಪ್ರೋಟೀನು ಕಟ್ಟಿ ಎಂದು ಅಪ್ಪಣೆ ಮಾಡುತ್ತದೆ. ಎಳೆಯ ಪಕ್ಕದಲ್ಲೇ ನಿದ್ದೆ ಹೊಡೆಯುತ್ತಿರುವ ಕೆಲವು ಚಿಕ್ಕ ಕೋಶಗಳಿವೆ. ಅವೂ ಎದ್ದು ಬಂದು ಎಳೆಯ ಜೊತೆ ಬೆಸೆದುಕೊಂಡು ತಮ್ಮ ನ್ಯೂಕ್ಲಿಯಸ್ಸನ್ನೇ ಅದಕ್ಕೆ ಕೊಟ್ಟುಬಿಡುತ್ತವೆ. ಇದೆಲ್ಲ ಎತ್ತುವ ಹೊತ್ತಿನಲ್ಲಿ ಮುಗಿಯುವ ಕೆಲಸವಲ್ಲ, ಆಮೇಲೆ ನೀವು ಉಂಡು ಮಲಗಿದಾಗಲೂ ನಡೆಯುತ್ತಲೇ ಇರುತ್ತದೆ. ಮೊದಮೊದಲು ಶಕ್ತಿ ಹೆಚ್ಚುವುದಂತೂ ಮಾಂಸದಿಂದಲ್ಲ, ನರಗಳು ಆ ಕೆಲಸವನ್ನು ಕಲಿಯುವುದರಿಂದ. ಯಾವ ಕೆಲಸ ಕೊಡುತ್ತೀರೋ ಆ ಕೆಲಸಕ್ಕೇ ದೇಹ ಹೊಂದಿಕೊಳ್ಳುವುದು ಎಂದೂ ಅವಳು ಹೇಳಿದಳು. ಆ ಹೊತ್ತಿಗೆ ಜಯಪ್ರಕಾಶನ ಮನಸ್ಸು ಆಗಲೇ ಎದ್ದು ಹೋಗಿ ಮೂಟೆ ಹುಡುಕುತ್ತಿತ್ತು.

ಅವನು ಇದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಎಂ-ಟಾರ್ ಎಂದರೆ ಮೇಸ್ತ್ರಿ. ಪಕ್ಕದಲ್ಲಿ ಮಲಗಿದ್ದು ಕೂಲಿ ಕೇಳದೆ ಎದ್ದು ಬರುವ ಕೋಶಗಳೆಂದರೆ ಮುಯ್ಯಾಳುಗಳು, ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮದಕ್ಕೆ ನೀವು ಎನ್ನುತ್ತೇವಲ್ಲ, ಹಾಗೆ. ಕೆಲಸ ಎಲ್ಲ ಅವರದು, ತನ್ನದು ಭಾರ ಹೊತ್ತು ಸುದ್ದಿ ಮುಟ್ಟಿಸುವುದು, ಆಮೇಲೆ ಮಲಗುವುದು. ಎರಡನೆಯ ಭಾಗ ಅವನಿಗೆ ಬಹಳ ಹಿಡಿಸಿತು.

ಮಾರನೆಯ ದಿನ ಬೆಳಿಗ್ಗೆ ಅವನು ಮನೆಯ ರಾಗಿ ಮೂಟೆಯನ್ನು ಮಗುವಿನಂತೆ ಎರಡು ತೋಳಿನ ಮೇಲೆ ಎತ್ತಲು ಹೋದ. ಮೂಟೆ ಜಾರಿ ಅವನ ಪಾದದ ಮೇಲೆ ಕೂತಿತು. ಅವನಿಗೆ ತನ್ನ ತಪ್ಪು ಹೊಳೆಯಿತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದ ಯಾವನಾದರೂ ಮೂಟೆಯನ್ನು ತಬ್ಬಿಕೊಂಡು ಎತ್ತುತ್ತಾನೆಯೇ? ಜಗುಲಿಯ ಮೇಲೆ ನಿಲ್ಲಿಸಿ, ತಾನು ತಿರುಗಿ ನಿಂತು, ಮೂಟೆಯ ಎರಡು ಕಿವಿ ಹಿಡಿದು ಬೆನ್ನಿಗೆ ಎಳೆದುಕೊಳ್ಳುತ್ತಾನೆ. ಇಳಿಸುವಾಗ ಜಗುಲಿಗೆ ಬೆನ್ನು ಕೊಟ್ಟು ದೊಪ್ಪೆಂದು ಬಿಡುತ್ತಾನೆ. ಬೆನ್ನಾದರೇನು, ತೋಳಾದರೇನು, ಒಳಗಿರುವ ಮೇಸ್ತ್ರಿ ಒಬ್ಬನೇ ತಾನೇ ಎಂದು ಸಮಾಧಾನ ಮಾಡಿಕೊಂಡು ಅವನು ಮೂಟೆಯನ್ನು ಬೆನ್ನಿಗೆ ಹಾಕಿಕೊಂಡ. ಯಾರಿಗೂ ಕಾಣಬಾರದೆಂದು ಹಿತ್ತಿಲ ಬಾಗಿಲಿಂದ ಹೊರಟು, ನಾಲೆ ಏರಿಯ ಮೇಲೆ ತಿರುವಿನವರೆಗೆ ಹೋಗಿ, ಅದೇ ಮೂಟೆಯೊಂದಿಗೆ ಬಂದ.

ಅಂದಿನಿಂದ ಮನೆಯಲ್ಲಿ ಹೊಸ ಕಾಯಿದೆ ಜಾರಿಗೆ ಬಂತು. ಊಟಕ್ಕೆ ಮೊಟ್ಟೆ, ಹುರುಳಿಕಾಳು ಸಾರು. ಸಂಜೆ ಸೊಸೈಟಿಯಿಂದ ಬಂದವನೇ ಚಾಪೆ ಹಾಸಿ ಮಲಗುವುದು. ಅರುಂಧತಿ ಒಲೆಗೆ ಸೌದೆ ಒಡೆದುಕೊಡಿ ಎಂದರೆ, ಒಳಗಡೆ ಕೆಲಸ ನಡೀತಾ ಅದೆ, ಈಗ ಅಲ್ಲಾಡಿಸಬಾರದು ಅನ್ನುತ್ತಿದ್ದ. ಭಾರ ಹೊರುವುದಕ್ಕೋಸ್ಕರ ಗಂಡ ಮನೆಯ ಕೊಡಪಾನವನ್ನೂ ಮುಟ್ಟದ ಸ್ಥಿತಿಗೆ ಬಂದದ್ದನ್ನು ನೋಡಿ ಅರುಂಧತಿ, ಈ ವಿದ್ಯೆ ಕಂಡುಹಿಡಿದವನು ಖಂಡಿತ ಗಂಡಸೇ ಇರಬೇಕು ಅಂದಳು.

ಈಗ ಬೇಲಿಯಾಚೆಯ ಮನೆಗೆ ಬರೋಣ. ಅಲ್ಲಿರುವವರು ನಿವೃತ್ತ ಹೆಡ್‌ಮಾಸ್ಟರ್ ಚಲುವನಾರಾಯಣ ಮತ್ತು ಅವರ ಧರ್ಮಪತ್ನಿ ಪಂಕಜಮ್ಮ. ಮೇಷ್ಟ್ರು ಬೆಳಕು ಹರಿಯುವ ಹೊತ್ತಿಗೆ ಪೂಜೆಗೆ ಹೂ ಕೀಳಲು ಹಿತ್ತಿಲಿಗೆ ಬರುವವರು. ಪಕ್ಕದ ಮನೆಯ ಸೊಸೈಟಿ ಗುಮಾಸ್ತ ದಿನಾ ಹಿತ್ತಿಲ ಬಾಗಿಲಿಂದ ಮೂಟೆ ಹೊತ್ತು ಹೋಗುವುದು, ಮೂಟೆ ಹೊತ್ತು ಬರುವುದು ಅವರ ಕಣ್ಣಿಗೆ ಬಿತ್ತು. ಆ ಸೊಸೈಟಿಯಲ್ಲಿ ನ್ಯಾಯಬೆಲೆ ಅಂಗಡಿ ಇರುವುದೂ ಅವರಿಗೆ ನೆನಪಾಯಿತು. ಆದರೂ ಒಬ್ಬರ ಮೇಲೆ ಅಪವಾದ ಹೊರಿಸುವ ಸ್ವಭಾವ ಅವರದಲ್ಲ. ಬೇಲಿಯ ಹತ್ತಿರ ಬಂದು, ಏನು ಜಯಪ್ರಕಾಶ್, ಇಷ್ಟು ಬೆಳಿಗ್ಗೆ ಎಂದು ಸೌಜನ್ಯವಾಗಿ ಕೇಳಿದರು. ರಾಗಿ ಬೀಸಿಸೋಕೆ ಎಂದ ಜಯಪ್ರಕಾಶ. ಆ ಹೊತ್ತಿನಲ್ಲಿ ಗಿರಣಿ ತೆರೆದಿರುವುದಿಲ್ಲ, ವಾಪಸು ಬಂದದ್ದು ಹಿಟ್ಟೂ ಅಲ್ಲ. ಇನ್ನೊಂದು ದಿನ ಕೇಳಿದಾಗ ಬಿಸಿಲಿಗೆ ಹಾಕೋಕೆ ಎಂದ. ಸೂರ್ಯ ಆಗಿನ್ನೂ ಹುಟ್ಟಿರಲಿಲ್ಲ.

ಮೇಷ್ಟ್ರು ಇದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೆ ಬಿಟ್ಟು. ಪಂಕಜಮ್ಮನವರೂ ಯಾರಿಗೂ ಹೇಳಬೇಡಿ ಎಂಬ ಷರತ್ತಿನ ಮೇಲೆಯೇ ಎಲ್ಲರಿಗೂ ಹೇಳಿದರು. ಭಾರತೀನಗರದಲ್ಲಿ ಆ ಮೂಟೆ ಮೊದಲು ಅಕ್ಕಿಯಾಯಿತು, ಆಮೇಲೆ ಸಕ್ಕರೆಯಾಯಿತು, ಬಸ್‌ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಲಾರಿಯೇ ಆಗಿತ್ತು.

ಒಂದು ಬೆಳಿಗ್ಗೆ ಜಯಪ್ರಕಾಶ ನಾಲೆ ಏರಿಯಿಂದ ಬೆವರು ಸುರಿಸುತ್ತ ಬಂದು ಜಗುಲಿಗೆ ದೊಪ್ಪೆಂದು ಮೂಟೆ ಬಿಟ್ಟು ತಿರುಗಿದರೆ, ಅಂಗಳದಲ್ಲಿ ಜೀಪು ನಿಂತಿದೆ. ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಮಧುಕರ ಜಗುಲಿಯ ಇನ್ನೊಂದು ತುದಿಯಲ್ಲಿ ಅರುಂಧತಿ ಕೊಟ್ಟ ಕಾಫಿ ಕುಡಿಯುತ್ತ ಕೂತಿದ್ದಾರೆ. ಬೇಲಿಯ ಮೇಲೆ ಮೇಷ್ಟ್ರ ತಲೆ, ಪಂಕಜಮ್ಮನ ತಲೆ, ಅವುಗಳ ಹಿಂದೆ ಬೀದಿಯ ಉಳಿದ ತಲೆಗಳು.

ಇದೇನು ಎಂದು ಇನ್ಸ್‌ಪೆಕ್ಟರು ಮೂಟೆ ತೋರಿಸಿದರು. ಮನೆ ರಾಗಿ ಸಾರ್ ಎಂದ ಜಯಪ್ರಕಾಶ. ಬಿಚ್ಚಿ ಎಂದರು. ಬಿಚ್ಚಿದರೆ ಮೇಲೆ ರಾಗಿಯೇ ಇತ್ತು. ಮಧುಕರ ಕೈ ಹಾಕಿದರು. ರಾಗಿಯ ಕೆಳಗೆ ಅಕ್ಕಿ ಬಂತು. ಅಕ್ಕಿಯ ಕೆಳಗೆ ಹುರುಳಿ ಬಂತು. ಇನ್ನೂ ಆಳಕ್ಕೆ ಕೈ ಹಾಕಿ ಅವರು ಎರಡು ಇಟ್ಟಿಗೆ ತೆಗೆದರು. ಭಾರ ದಿನದಿನಕ್ಕೆ ಏರಬೇಕೆಂದು ಜಯಪ್ರಕಾಶ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತ ಹೋಗಿದ್ದ. ತನ್ನ ಹುರುಳಿ ಎಲ್ಲಿ ಹೋಗುತ್ತಿದೆ ಎಂದು ಇಲಿಗಳನ್ನು ಶಪಿಸುತ್ತಿದ್ದ ಅರುಂಧತಿ ಈಗ ಗಂಡನ ಮುಖ ನೋಡಿದಳು. ಆ ನೋಟಕ್ಕೆ ಹೋಲಿಸಿದರೆ ಇನ್ಸ್‌ಪೆಕ್ಟರು ಅವನಿಗೆ ನೆಂಟರಂತೆ ಕಂಡರು.

"ಅಕ್ಕಿಗೆ ಕಲ್ಲು ಬೆರೆಸೋರನ್ನ ನೋಡಿದೀನಿ. ಇಟ್ಟಿಗೆ ಬೆರೆಸೋರನ್ನ ಈ ಸರ್ವೀಸಲ್ಲೇ ಮೊದಲು ನೋಡ್ತಿರೋದು" ಎಂದರು ಮಧುಕರ. ಆಮೇಲೆ ಜಯಪ್ರಕಾಶನ ತೋಳು, ಎದೆ, ಕುತ್ತಿಗೆಗಳನ್ನು ಪರಿಶೀಲಿಸಿ, ಇದನ್ನು ಹೊರೋದು ನಿಮ್ಮ ಕೈಲಾಗೋ ಕೆಲಸವಲ್ಲ, ನಾನು ಕಾಫಿ ಕಡೆ ನೋಡೋವಾಗ ಮೂಟೆ ಇಳಿಸಿ ಓಡಿಹೋದ ಹಮಾಲಿ ಯಾರು, ಅವನ ಹೆಸರು ಹೇಳಿ ಎಂದು ಕೇಳಿದರು.

ಕಳ್ಳ ಎಂದಿದ್ದರೆ ಜಯಪ್ರಕಾಶ ಸಹಿಸುತ್ತಿದ್ದ. ಕೈಲಾಗದವನು ಎಂದದ್ದನ್ನು ಸಹಿಸಲಿಲ್ಲ. ಇಟ್ಟಿಗೆಗಳನ್ನು ಒಳಗೆ ಹಾಕಿ, ಬಾಯಿ ಕಟ್ಟಿ, ತಿರುಗಿ ನಿಂತು ಕಿವಿ ಹಿಡಿದು ಎಳೆದುಕೊಂಡು ಎಲ್ಲರ ಎದುರಿಗೆ ಅಂಗಳಕ್ಕೆ ಒಂದು ಸುತ್ತು ಹೊಡೆದ. ಬೇಲಿಯ ಮೇಲಿನ ತಲೆಗಳೆಲ್ಲ ಅವನ ಜೊತೆಗೇ ತಿರುಗಿದವು. ಸುತ್ತು ಮುಗಿಸಿ ನಿಂತವನಿಗೆ ಹೊಳೆದದ್ದು, ಇದರಿಂದ ತನ್ನ ನಿರಪರಾಧಿತ್ವ ಸಾಬೀತಾಗಲಿಲ್ಲ, ಅಪರಾಧವನ್ನು ಒಬ್ಬನೇ ಮಾಡಿದ್ದು ಎಂಬುದಷ್ಟೇ ಸಾಬೀತಾಯಿತು.

ಕೇಸಾದರೆ ಮದುವೆಯ ದಿನ ತಾನೆಲ್ಲಿರುತ್ತೇನೋ ಎಂಬ ಭಯ ಅವನಿಗೆ ಹತ್ತಿತು. ನಿಜ ಹೇಳಿದರೆ ಮಾನ ಹೋಗುತ್ತದೆ. ಕೊನೆಗೆ ಇನ್ಸ್‌ಪೆಕ್ಟರನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ತಗ್ಗಿದ ದನಿಯಲ್ಲಿ, ಮದುವೆಯ ಮಾತು ಎತ್ತದೆ, ಬರೀ ವಿಜ್ಞಾನವನ್ನು ಮಾತ್ರ ಹೇಳಲು ನೋಡಿದ. ನಾನು ಬರೀ ಹೊರೋದು ಸಾರ್, ಒಳಗಡೆ ಎಂ-ಟಾರ್ ಅಂತ ಒಬ್ಬ ಮೇಸ್ತ್ರಿ ಇದ್ದಾನೆ, ಸುದ್ದಿ ಕೊಟ್ಟರೆ ರಾತ್ರಿಯೆಲ್ಲ ಮುಯ್ಯಾಳುಗಳನ್ನು ಹಚ್ಚಿ ಅವನೇ ಕೆಲಸ ಮುಗಿಸುತ್ತಾನೆ ಎಂದ.

ಮಧುಕರರ ಕಿವಿ ನೆಟ್ಟಗಾಯಿತು. "ಈ ಎಂ. ಟಾರ್ ಯಾವೂರೋನು? ಅವನ ಕೆಳಗೆ ಎಷ್ಟು ಜನ ಇದ್ದಾರೆ?"

ಲಕ್ಷಾಂತರ ಇರಬಹುದು ಸಾರ್ ಎಂದ ಜಯಪ್ರಕಾಶ, ಪ್ರಾಮಾಣಿಕವಾಗಿ.

ಇನ್ಸ್‌ಪೆಕ್ಟರು ಮೇಲಧಿಕಾರಿಗಳಿಗೆ ಫೋನು ಮಾಡಲು ಜೇಬಿಗೆ ಕೈ ಹಾಕುವಷ್ಟರಲ್ಲಿ ಅರುಂಧತಿಯ ತಾಳ್ಮೆ ಮುಗಿಯಿತು. ಅವಳು ತನ್ನ ಫೋನಿನಲ್ಲಿ ಅಮೃತಳನ್ನು ಹಿಡಿದು, ಸ್ಪೀಕರ್ ಹಾಕಿ, ನಿಮ್ಮ ಮಾವ ನಿನ್ನ ಎತ್ತಕೆ ಅಂತ ದಿನಾ ಮೂಟೆ ಹೊತ್ಕಂಡು ತಿರುಗಿ ಈಗ ಜೈಲಿಗೆ ಹೊಂಟವ್ರೆ, ನೀನೇ ಈ ಸಾಹೇಬ್ರಿಗೆ ಒಸಿ ಹೇಳವ್ವ ಎಂದುಬಿಟ್ಟಳು. ಆ ಕಡೆಯಿಂದ ಅಮೃತ ಪಾಠ ಶುರು ಮಾಡಿದಳು. ಮಧುಕರ ಮೊದಲು ನಿಂತು ಕೇಳಿದರು, ಆಮೇಲೆ ಮಣೆ ಎಳೆದುಕೊಂಡು ಕೂತು ಕೇಳಿದರು, ಕೊನೆಗೆ ತಮ್ಮ ಮಂಡಿನೋವಿಗೆ ಏನು ಮಾಡಬಹುದು ಎಂದು ಕೇಳಿದರು. ಮೂಟೆಯಲ್ಲಿದ್ದದ್ದು ಜಯಪ್ರಕಾಶನದೇ ಕಾರ್ಡಿನ ಅಕ್ಕಿ ಎಂದು ಖಚಿತ ಮಾಡಿಕೊಂಡು, ಇಟ್ಟಿಗೆ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಹೇಳಿ ಜೀಪು ಹತ್ತಿದರು.

ಫೋನು ಇಡುವ ಮುಂಚೆ ಅಮೃತ ಮಾವನನ್ನು ಕೇಳಿ ಕರೆಸಿಕೊಂಡಳು. ಜಯಪ್ರಕಾಶ ನಾಚಿಕೊಂಡು ಫೋನನ್ನು ಕಿವಿಗೆ ಹಿಡಿದ.

"ಮಾವ, ನಿನ್ ಕೈಲಾಗದಿದ್ರೆ ನಾನು ನಡ್ಕಂಡೇ ಬತ್ತೀನಿ. ಇನ್ಯಾರ ಕೈಲೂ ಎತ್ತಿಸ್ಕಳಲ್ಲ ಕಣ್ ಮಾವ."

ಆಗ್ತದೆ ಬುಡವ್ವ ಎಂದ ಜಯಪ್ರಕಾಶ.

ಗುಟ್ಟು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಬೇಲಿಗೆ ಹೋಗಲು ಎಷ್ಟು ಹೊತ್ತು? ಮೇಷ್ಟ್ರು ಪಶ್ಚಾತ್ತಾಪದಿಂದ ಬೇಯಿಸಿದ ಕಡಲೆಕಾಳು ಕಳಿಸಿಕೊಟ್ಟರು. ಬೀದಿಯ ಜನ ಬೆಳಿಗ್ಗೆ ನಾಲೆ ಏರಿಯ ಮೇಲೆ ನಿಂತು, ಹಾಕ್ಲಾ ಇನ್ನೊಂದು ಇಟ್ಟಿಗೆಯ ಎಂದು ಹುರಿದುಂಬಿಸತೊಡಗಿದರು. ಸುದ್ದಿ ಮಳವಳ್ಳಿಗೂ ಮುಟ್ಟಿ, ಪಟ್ಟಲಮ್ಮ ಛತ್ರದಲ್ಲಿ ತನಗೆ ಮುಂದಿನ ಸಾಲಿನ ಕುರ್ಚಿಯೇ ಬೇಕು ಎಂದು ಮೊದಲೇ ಹೇಳಿಟ್ಟರು.

ಮುಹೂರ್ತದ ದಿನ ರೂಮಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ರಾಜೇಂದ್ರ ಬಿಗಿ ಅಂಗಿ ತೊಟ್ಟು ಬಾಗಿಲಿಗೆ ಒರಗಿ ನಿಂತು, ಸುಸ್ತಾದ್ರೆ ಕಣ್ಸನ್ನೆ ಮಾಡಣ್ಣ, ಬತ್ತೀನಿ ಎಂದು ಪ್ರೀತಿಯಿಂದಲೇ ಹೇಳಿದ. ಜಯಪ್ರಕಾಶ ಒಳಗೆ ಹೋಗಿ ಪಂಚೆ ಬಿಗಿದು ಕಟ್ಟಿಕೊಂಡು, ಅಮೃತಳ ಭುಜದ ಕೆಳಗೆ ಒಂದು ಕೈ, ಮಂಡಿಯ ಕೆಳಗೆ ಒಂದು ಕೈ ಕೊಟ್ಟು ಎತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಎತ್ತಿದ. ಅವನ ಮುಖ ಕೆಂಪಾಯಿತು, ಅಮೃತ ಇದ್ದಲ್ಲೇ ಇದ್ದಳು. ಇಷ್ಟು ದಿನ ಮೊಟ್ಟೆ ತಿನ್ನಿಸಿ ಸಾಕಿದ ಮೇಸ್ತ್ರಿ ಈ ಹೊತ್ತಿನಲ್ಲಿ ಕೈ ಕೊಟ್ಟನಲ್ಲ ಎಂದು ಅವನ ಕಣ್ಣಲ್ಲಿ ನೀರು ಬಂತು.

ದಿನಾ ಮೂಟೆಯನ್ನು ಹೇಗೆ ಹೊತ್ತೆ ಎಂದು ಅಮೃತ ಮೆಲ್ಲಗೆ ಕೇಳಿದಳು. ಬೆನ್ನ ಮೇಲೆ ಅಂದ.

"ಮತ್ತೆ ಈ ತೋಳ್ನ ಯಾಕ್ ಮಾವ ಕೇಳ್ತೀಯ, ಪಾಪ, ಅದಕ್ಕೇನ್ ಗೊತ್ತು? ಕಲ್ತಿರೋದು ನಿನ್ ಬೆನ್ನು. ತಿರುಗ್ಕೊ, ಉಪ್ಪುಮೂಟೆ ಮಾಡು."

ಅವಳು ಜರತಾರಿ ಸೀರೆಯಲ್ಲೇ ಕುರ್ಚಿ ಹತ್ತಿದಳು. ಅವನು ತಿರುಗಿ ನಿಂತು, ಹೆಗಲ ಮೇಲಿಂದ ಬಂದ ಅವಳ ಎರಡು ಕೈಗಳನ್ನು ಮೂಟೆಯ ಕಿವಿ ಹಿಡಿದಂತೆ ಹಿಡಿದು ಎಳೆದುಕೊಂಡ. ಅಷ್ಟೇ. ಅಮೃತ ಹತ್ತಿಯಂತೆ ಮೇಲೆದ್ದಳು. ಬೆನ್ನು ಬಗ್ಗಿಸಿ, ಕತ್ತು ಮುಂದೆ ಚಾಚಿ, ನಾಲೆ ಏರಿಯ ಅದೇ ನಡಿಗೆಯಲ್ಲಿ ಅವನು ಹೊರಬಂದಾಗ ವಾಲಗದವನು ಊದುವುದು ಮರೆತು ನೋಡುತ್ತ ನಿಂತ, ಆಮೇಲೆ ನೆನಪಾಗಿ ಎರಡರಷ್ಟು ಜೋರಾಗಿ ಊದಿದ. ಭಾರತೀನಗರದವರೆಲ್ಲ ಎದ್ದು ನಿಂತರು. ಬಾಸಿಂಗ ಕಟ್ಟಿದ ಹೆಣ್ಣನ್ನು ಬೆಲ್ಲದ ಮೂಟೆಯಂತೆ ತರುತ್ತಿರುವುದನ್ನು ಕಂಡು ಪುರೋಹಿತರು ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿಯಿದೆಯೇ ಎಂದು ಯೋಚಿಸುವಷ್ಟರಲ್ಲಿ ಜಯಪ್ರಕಾಶ ಮಂಟಪದೊಳಗೆ ಬಂದಾಗಿತ್ತು.

ಹಸೆಮಣೆಗೆ ಬೆನ್ನು ಕೊಟ್ಟು ನಿಂತ. ಅವನ ಮೈ ತಾನಾಗಿ ದೊಪ್ಪೆಂದು ಬಿಡಲು ಸಿದ್ಧವಾಯಿತು. ಕೈ ಸಡಿಲವಾಗುವ ಕ್ಷಣದಲ್ಲಿ ಬೆನ್ನ ಮೇಲಿರುವುದು ಮೂಟೆಯಲ್ಲ ಎಂದು ನೆನಪಾಯಿತು. ಅವಳನ್ನು ಬಿಗಿಯಾಗಿ ಹಿಡಿದುಕೊಂಡು, ಮುಂದೇನು ಮಾಡಬೇಕೋ ತೋಚದೆ, ಮಂಟಪಕ್ಕೆ ಒಂದು ಸುತ್ತು ಬಂದ. ಜನ ಚಪ್ಪಾಳೆ ಹೊಡೆದರು. ಮತ್ತೆ ಹಸೆಮಣೆಯ ಹತ್ತಿರ ಬಂದ, ಮತ್ತೆ ಧೈರ್ಯ ಬರಲಿಲ್ಲ, ಇನ್ನೊಂದು ಸುತ್ತು ಹೊರಟ. ಶಿಳ್ಳೆಗಳೂ ಬಿದ್ದವು. ಬಿಗಿ ಅಂಗಿಯ ರಾಜೇಂದ್ರ ಬಾಯಿ ತೆರೆದು ನಿಂತಿದ್ದ. ಪುರೋಹಿತರು ಮಾತ್ರ ಗಡಿಯಾರ ನೋಡಿ ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

"ಮಾವ, ಇಳ್ಸು, ಮೂರ್ತ ಮೀರ್ತದೆ" ಎಂದು ಅಮೃತ ಕಿವಿಯಲ್ಲಿ ಹೇಳಿದಳು.

"ಎತ್ತೋದ್ ಕಲ್ತೆ ಕಣವ್ವ. ಇಳ್ಸೋದ್ ಕಲೀಲಿಲ್ಲ."

ಅವನು ಹೇಳಿದ್ದು ಬೆನ್ನಿನ ವಿಚಾರ. ಆದರೆ ಅಮೃತಳ ಮುಖ ಅವನ ಕುತ್ತಿಗೆಗೆ ಒರಗಿತು, ಕುತ್ತಿಗೆ ಬಿಸಿಯಾಗಿ ಒದ್ದೆಯಾಯಿತು. ಆಗ ಅವನಿಗೂ ಅಳು ತಡೆಯಲಾಗಲಿಲ್ಲ. ಮೂರನೆಯ ಸುತ್ತನ್ನು ಅವನು ಯಾಕೆ ಹೊಡೆದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕೊನೆಗೆ ಗಂಡು ಸಂತೋಷನೇ ಅಂತರಪಟದ ಆಚೆಯಿಂದ ಈಚೆಗೆ ಬಂದ. ಮುಹೂರ್ತಕ್ಕೆ ಮುಂಚೆ ಮುಖ ನೋಡಬಾರದು ಎಂದು ಪುರೋಹಿತರು ಕೂಗಿಕೊಂಡರು. ಅವನು ಕಣ್ಣು ಮುಚ್ಚಿಕೊಂಡೇ ಎರಡು ಕೈ ಚಾಚಿ, "ಈ ಕಡೆ ಕೊಡಿ ಮಾವ, ನಾನ್ ಇಳಿಸ್ಕತೀನಿ" ಅಂದ. ಜಯಪ್ರಕಾಶ ಅವನ ಕಡೆ ಬೆನ್ನು ತಿರುಗಿಸಿ, ಒಂದೊಂದೇ ಕೈ ಬಿಟ್ಟ.

ಗಟ್ಟಿಮೇಳ ಆಯಿತು, ಧಾರೆ ಆಯಿತು, ಅಕ್ಷತೆ ಬಿತ್ತು. ಅಷ್ಟು ಹೊತ್ತೂ ಜಯಪ್ರಕಾಶ ಹಸೆಮಣೆಯ ಪಕ್ಕದಲ್ಲಿ ಬಗ್ಗಿಕೊಂಡೇ ನಿಂತಿದ್ದ, ಯಾಕೆಂದರೆ ಅವನ ಸೊಂಟ ನೆಟ್ಟಗಾಗಲು ಒಪ್ಪಲಿಲ್ಲ. ಹೊದಿಸಿದ ಶಾಲು ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಪಟ್ಟಲಮ್ಮ ಮುಂದಿನ ಸಾಲಿನ ಕುರ್ಚಿಯಿಂದ ಎದ್ದು, ಕೋಲೂರಿಕೊಂಡು ಮಂಟಪಕ್ಕೆ ಬಂದು, ಅವನ ಬಾಗಿದ ಬೆನ್ನನ್ನು ಸವರಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಇಷ್ಟು ದೊಡ್ ಕೆಲ್ಸ ಮಾಡವ್ನೆ, ಎಳ್ಳಷ್ಟು ಗರ್ವ ಇಲ್ಲ ನೋಡ್ರಲಾ" ಎಂದು ತಮ್ಮ ಕಡೆಯವರಿಗೆಲ್ಲ ತೋರಿಸಿ, "ಸಾಕು, ತಲೆ ಎತ್ತಪ್ಪ ಮಗ" ಎಂದರು.

ಜಯಪ್ರಕಾಶ ಒಮ್ಮೆ ಎತ್ತಲು ನೋಡಿದ. ಸೊಂಟ ಕಳಕ್ಕೆಂದಿತು. ಅವನು ನೆಲ ನೋಡುತ್ತಲೇ, ಬಹಳ ಗಂಭೀರವಾಗಿ ಹೇಳಿದ.

"ಪರವಾಗಿಲ್ಲ ಬುಡಿ ಅಜ್ಜಿ, ಹಿರೀಕರ ಮುಂದೆ ನಾನು ಇರೋದೇ ಹಿಂಗೆ."